ಓಟಿಜಿಯಲ್ಲಿ ಮಾಡಿದ ನೇಂದ್ರ ಕೇಕ್ ನಡು ಕುಸಿದದ್ದು ಯಾಕೆ?

ಕುಂಬಳೆ_ಅಡಿಗೆಮನೆ:
ನಮಸ್ಕಾರ. ಮಗಳ ಹಠಕ್ಕೆ ಹೋದ ತಿಂಗಳು ಓಟಿಜಿ (ಕೇಕ್ ಬೇಯಿಸುವ ಸಣ್ಣ ಕರೆಂಟ್ ಓವನ್) ತೆಗೊಂಡೆ. ತೋಟದ ನೇಂದ್ರ ಬಾಳೆ ಗೊನೆ ಒಟ್ಟಿಗೇ ಹಣ್ಣಾಗಿ ಸಿಪ್ಪೆ ಕಪ್ಪಾಗ್ಲಿಕ್ಕೆ ಶುರುವಾಯ್ತು, ಸರಿ ಕೇಕ್ ಮಾಡುವ ಅಂತ ಹೊರಟೆ, ಎರಡು ಕಪ್ ಮೈದಾ, ನಾಲ್ಕು ಹಣ್ಣು, ಒಂದು ಕಪ್ ಬೆಲ್ಲ, ಒಂದು ದೊಡ್ಡ ಚಮಚ ಸೋಡ, ಬೆಣ್ಣೆ ಬದಲು ತೆಂಗಿನೆಣ್ಣೆ, ಅತ್ತೆ ತಿನ್ನುದಿಲ್ಲ ಅಂತ ಮೊಟ್ಟೆ ಇಲ್ಲ. 200 ಡಿಗ್ರಿ ಇಟ್ಟೆ. 20 ನಿಮಿಷಕ್ಕೆ ಮನೆಯಿಡೀ ಪರಿಮಳ, ಮೇಲೆ ಉಬ್ಬಿ ಕೆಂಪಾಗಿತ್ತು, ಆಸೆಗೆ ಬಾಗಿಲು ತೆಗೆದು ನೋಡಿದೆ, ಐದೇ ನಿಮಿಷದಲ್ಲಿ ನಡು ಬಾವಿ ಹಾಗೆ ಇಳಿದುಹೋಯ್ತು. ಒಳಗೆ ಹಲ್ವ! ಮಗಳು ಅಂಚು ಮಾತ್ರ ತಿಂದ್ಲು, ಅತ್ತೆ "ಹಣ್ಣು ಹಾಗೇ ತಿನ್ಬಹುದಿತ್ತು" ಅಂದ್ರು. ತಪ್ಪಿದ್ದು ಎಲ್ಲಿ ಮಾರಾಯ್ರೆ?

ನೀರ್ಚಾಲು_ಬೇಕರ್:
ಅಕ್ಕಾ, ರೆಸಿಪಿಯಲ್ಲಿ ನಾಲ್ಕು ಹಣ್ಣು ಅಂತ ಇದ್ರೆ ಅದು ಸಣ್ಣ ಹಣ್ಣು, ನಮ್ಮ ನೇಂದ್ರ ಎರಡೇ ಧಾರಾಳ ಸಾಕು. ಕಿವುಚಿ ಕಪ್ಪಲ್ಲಿ ಅಳೀರಿ, ಒಂದು ಕಪ್ ಮೀರಬಾರ್ದು. ಸೋಡ ಒಂದು ಸಣ್ಣ ಚಮಚ ಸಾಕು, ಬೆಲ್ಲದ ಮತ್ತು ಹಣ್ಣಿನ ಹುಳಿ ತಾಗಿದ ಕೂಡ್ಲೇ ಅದು ಗ್ಯಾಸ್ ಬಿಡ್ತದೆ, ಹಾಗಾಗಿ ಕಲಸಿದ ಮೇಲೆ ಫೋನ್ ಹಿಡ್ಕೊಂಡು ಕೂರ್ಬೇಡಿ. 200 ಜಾಸ್ತಿ ಆಯ್ತು, ಮೇಲೆ ಬೇಯ್ತದೆ ಒಳಗೆ ಹಸಿ. ಹತ್ತು ನಿಮಿಷ ಮೊದಲೇ ಬಿಸಿ ಮಾಡಿ 165ರಲ್ಲಿ 45-50 ನಿಮಿಷ. ಮೊದಲ ಅರ್ಧ ಗಂಟೆ ಬಾಗಿಲು ಮುಟ್ಟಬೇಡಿ, ಗಾಜಲ್ಲೇ ನೋಡಿ. ಕಡ್ಡಿ ಚುಚ್ಚುದು ಆಮೇಲೆ.

ರೈಲ್_ಪ್ರಯಾಣಿಕ:
ಬಾಳೆಹಣ್ಣು ಹಾಕಿದ್ದಕ್ಕೆ ಬೇಜಾರು ಬೇಡ. 1883ರಲ್ಲಿ ನಮ್ಮಿಂದ ಕೆಳಗೆ ತಲಶ್ಶೇರಿಯಲ್ಲಿ ಮಾಂಬಳ್ಳಿ ಬಾಪು ಅನ್ನುವವರು ಬ್ರೌನ್ ಅನ್ನುವ ಬ್ರಿಟಿಷ್ ತೋಟದ ದೊರೆಗೆ ಕ್ರಿಸ್ಮಸ್ ಕೇಕ್ ಮಾಡಿಕೊಟ್ರಂತೆ, ಬ್ರಾಂದಿ ಬದಲು ಗೇರುಹಣ್ಣು, ಕದಳಿ ಬಾಳೆಹಣ್ಣಿಂದ ಮಾಡಿದ ಊರಿನ ಸಾರಾಯಿ ಹಾಕಿ. ದೇಶದ ಮೊದಲ ಕ್ರಿಸ್ಮಸ್ ಕೇಕ್ ಅದೇ ಅಂತ ಅಲ್ಲಿಯವರು ಹೇಳ್ತಾರೆ. ಅತ್ತೆಗೆ ಸಾರಾಯಿ ವಿಷಯ ಹೇಳ್ಬೇಡಿ ಮತ್ತೆ.

ಹಳೇ_ಒಲೆ:
ಮಳೆಗಾಲದಲ್ಲಿ ಕರೆಂಟು ನಂಬಿ ಕೇಕಾ? ಕಲತ್ತಪ್ಪ ಮಾಡು ಮಗಾ. ಒಂದು ಕಪ್ ಬೆಳ್ತಿಗೆ (ಕುಚ್ಚಲಲ್ಲದ ಬಿಳಿ) ಅಕ್ಕಿ ನಾಲ್ಕು ಗಂಟೆ ನೆನೆಸಿ ಎರಡು ಚಮಚ ಅನ್ನ ಹಾಕಿ ನುಣ್ಣಗೆ ಅರೆ, ಮುಕ್ಕಾಲು ಕಪ್ ಬೆಲ್ಲದ ಪಾಕ ಬಿಸಿ ಇರುವಾಗ್ಲೇ ತಿರುವುತ್ತಾ ಹೊಯ್ಯಿ, ಏಲಕ್ಕಿ, ಉಪ್ಪು, ಚಿಟಿಕೆ ಸೋಡ. ದಪ್ಪ ತಳದ ಕುಕ್ಕರಲ್ಲಿ ತೆಂಗಿನೆಣ್ಣೆ ಕಾಯಿಸಿ ಸಣ್ಣ ನೀರುಳ್ಳಿ, ತೆಂಗಿನಕಾಯಿ ಚೂರು ಕೆಂಪಗೆ ಹುರಿ, ಅರ್ಧ ತೆಗೆದಿಡು, ಅದೇ ಎಣ್ಣೆಗೆ ಹಿಟ್ಟು ಹೊಯ್ದು ಉಳಿದದ್ದು ಮೇಲೆ ಉದುರಿಸು. ಮುಚ್ಚಳ ಹಾಕು, ವೆಯ್ಟ್ ಬೇಡ. ಒಂದು ನಿಮಿಷ ಜೋರು ಬೆಂಕಿ, ಆಮೇಲೆ ಸಣ್ಣ ಉರಿ 15 ನಿಮಿಷ. ನಮ್ಮ ಅಮ್ಮ ಉರುಳಿಯಲ್ಲಿ ಮಾಡ್ತಿದ್ದದ್ದು, ಮುಚ್ಚಳದ ಮೇಲೆ ತೆಂಗಿನ ಗೆರಟೆಯ ಕೆಂಡ. ನಿಮ್ಮ ಓಟಿಜಿಯ ಮೇಲಿನ ಕಂಬಿ ಮಾಡುದು ಅದೇ ಕೆಲಸ ಅಲ್ವಾ?

ಕುಂಬಳೆ_ಅಡಿಗೆಮನೆ:
ನಿನ್ನೆ ಸಂಜೆ ಕಲತ್ತಪ್ಪ ಮಾಡಿದೆ, ಕರೆಂಟು ಇರ್ಲಿಲ್ಲ ಬೇರೆ. ಕತ್ತರಿಸುವಾಗ ಅಂಚು ಕರಕರ, ಒಳಗೆ ಜೇನುಗೂಡಿನ ಹಾಗೆ ತೂತು ತೂತು. ಅತ್ತೆ ಮಾತಾಡ್ಲಿಲ್ಲ, ತಳಕ್ಕೆ ಹಿಡಿದ ನೀರುಳ್ಳಿಯನ್ನು ಚಮಚದಲ್ಲಿ ಕೆರೆದು ತಿಂದ್ರು. ಕೇಕ್ ಆದಿತ್ಯವಾರ, 165ರಲ್ಲಿ. ಗೊನೆಯಲ್ಲಿ ಇನ್ನೂ ಆರು ಹಣ್ಣು ಉಂಟು.