‘ಆನ್ ದ ಕಾಂಟ್ರರಿ’ ಎಲ್ಲಿ, ‘ಅನ್‌ಲೈಕ್’ ಎಲ್ಲಿ?

ಪ್ರಶ್ನೆ: ಮೇಡಂ, ಕುಡಿದು ಗಾಡಿ ಓಡಿಸುವವರ ಮೇಲಿನ ಕಾನೂನಿನ ಬಗ್ಗೆ ಇಂಗ್ಲಿಷ್ ಪ್ರಬಂಧ ಬರೆದೆ. 100 ಮಿ.ಲೀ. ರಕ್ತದಲ್ಲಿ ಸ್ಕಾಟ್ಲೆಂಡಿನ ಮಿತಿ 50 ಮಿ.ಗ್ರಾಂ. ಆಲ್ಕೋಹಾಲ್, ಇಂಗ್ಲೆಂಡಿನದು 80. ನನ್ನ ವಾಕ್ಯ: ‘ದ ರೂಲ್ಸ್ ಇನ್ ಸ್ಕಾಟ್ಲೆಂಡ್ ಆರ್ ಮೋರ್ ಸ್ಟ್ರಿಕ್ಟರ್ ದ್ಯಾನ್ ಇಂಗ್ಲೆಂಡ್. ಆನ್ ದ ಕಾಂಟ್ರರಿ, ಇಂಗ್ಲೆಂಡ್ ಅಲೌಸ್ 80.’ ಮೇಷ್ಟ್ರು ಮೂರು ಕಡೆ ಕೆಂಪು ಗೆರೆ ಎಳೆದಿದ್ದಾರೆ. ಏನು ತಪ್ಪು?

ಉತ್ತರ: ಮೊದಲ ಗೆರೆ ‘ಮೋರ್ ಸ್ಟ್ರಿಕ್ಟರ್’ಗೆ. ‘ಸ್ಟ್ರಿಕ್ಟರ್’ ಅಂದರೇನೇ ‘ಇನ್ನೂ ಬಿಗಿ’, ಅದಕ್ಕೆ ಮತ್ತೆ ‘ಮೋರ್’ ಬೇಡ. ಒತ್ತಿ ಹೇಳಬೇಕಿದ್ದರೆ ‘ಮಚ್ ಸ್ಟ್ರಿಕ್ಟರ್’ ಅಥವಾ ‘ಫಾರ್ ಸ್ಟ್ರಿಕ್ಟರ್’. ‘ವೆರಿ ಸ್ಟ್ರಿಕ್ಟರ್’ ಅನ್ನುವಂತಿಲ್ಲ.

ಎರಡನೆಯದು ‘ದ್ಯಾನ್ ಇಂಗ್ಲೆಂಡ್’. ಕನ್ನಡದಲ್ಲಿ ‘ಇಂಗ್ಲೆಂಡಿಗಿಂತ ಸ್ಕಾಟ್ಲೆಂಡಿನಲ್ಲಿ ನಿಯಮ ಬಿಗಿ’ ಎಂದರೆ ಸಾಕು, ಉಳಿದದ್ದನ್ನು ಕೇಳುಗರೇ ತುಂಬಿಕೊಳ್ಳುತ್ತಾರೆ. ಪರೀಕ್ಷೆಯ ಇಂಗ್ಲಿಷ್‌ನಲ್ಲಿ ಆ ರಿಯಾಯಿತಿ ಇಲ್ಲ: ನೀವು ನಿಯಮವನ್ನು ಒಂದು ದೇಶದ ಜೊತೆ ತೂಗಿದ್ದೀರಿ. ‘ದ್ಯಾನ್ ದೋಸ್ ಇನ್ ಇಂಗ್ಲೆಂಡ್’ ಎನ್ನಿ. ‘ದೋಸ್’ ಇಲ್ಲಿ ‘ಆ ನಿಯಮಗಳು’. ಅದು ತೊಡಕೆನಿಸಿದರೆ ‘ದ ರೂಲ್ಸ್ ಆರ್ ಸ್ಟ್ರಿಕ್ಟರ್ ಇನ್ ಸ್ಕಾಟ್ಲೆಂಡ್ ದ್ಯಾನ್ ಇನ್ ಇಂಗ್ಲೆಂಡ್’. ಎರಡೂ ಕಡೆ ‘ಇನ್’ ಬಂದರೆ ತಕ್ಕಡಿ ಸಮ. ನನಗೆ ಇದೇ ಹೆಚ್ಚು ಇಷ್ಟ.

ಮೂರನೆಯದೇ ನಿಜವಾದ ಎಡವಟ್ಟು. ‘ಇದಕ್ಕೆ ವಿರುದ್ಧವಾಗಿ’ ಎಂಬ ಒಂದೇ ಮಾತನ್ನು ನಾವು ಎರಡು ಕೆಲಸಕ್ಕೆ ಬಳಸುತ್ತೇವೆ. ‘ಆನ್ ದ ಕಾಂಟ್ರರಿ’ ಹಿಂದಿನ ಮಾತನ್ನು ಅಲ್ಲಗಳೆದು ‘ಬದಲಿಗೆ ಹೀಗಿದೆ’ ಎನ್ನುವುದಕ್ಕೆ ಮಾತ್ರ. ನಮ್ಮ 2019ರ ಮೋಟಾರು ವಾಹನ ತಿದ್ದುಪಡಿಯನ್ನೇ ನೋಡಿ: ‘ದ ಅಮೆಂಡ್‌ಮೆಂಟ್ ಡಿಡ್ ನಾಟ್ ಸಾಫನ್ ದ ಲಾ. ಆನ್ ದ ಕಾಂಟ್ರರಿ, ದ ಫೈನ್ ಫಾರ್ ಡ್ರಂಕನ್ ಡ್ರೈವಿಂಗ್ ರೋಸ್ ಟು 10,000 ರುಪೀಸ್.’ ಮೊದಲ ವಾಕ್ಯದಲ್ಲಿ ‘ನಾಟ್’ ಇದೆ, ಎರಡನೆಯದು ಅದನ್ನೇ ಗಟ್ಟಿಮಾಡುತ್ತದೆ. ನಿಮ್ಮಲ್ಲಿ ಯಾವ ಮಾತೂ ಸುಳ್ಳಲ್ಲ, ಎರಡು ದೇಶ ಎರಡು ಥರ ಅಷ್ಟೇ. ಅಲ್ಲಿ ‘ಬೈ ಕಾಂಟ್ರಾಸ್ಟ್’ ಹಾಕಿ ಕಾಮಾ ಕೊಡಿ. ಇಲ್ಲವೇ ‘ವೇರ್‌ಆಸ್’ನಿಂದ ಜೋಡಿಸಿ: ‘ದ ಲಿಮಿಟ್ ಈಸ್ 50 ಇನ್ ಸ್ಕಾಟ್ಲೆಂಡ್, ವೇರ್‌ಆಸ್ ಇಟ್ ಈಸ್ 80 ಇನ್ ಇಂಗ್ಲೆಂಡ್.’ ‘ವೇರ್‌ಆಸ್’ ಭಾಗವನ್ನು ಪೂರ್ಣವಿರಾಮದಾಚೆ ಒಂಟಿಯಾಗಿ ಬಿಟ್ಟರೆ ಅರ್ಧ ವಾಕ್ಯವಾಗುತ್ತದೆ.

ಪ್ರಶ್ನೆ: ಹಾಗಾದರೆ ‘ಅನ್‌ಲೈಕ್ ಇಂಗ್ಲೆಂಡ್, ದ ಲಿಮಿಟ್ ಇನ್ ಸ್ಕಾಟ್ಲೆಂಡ್ ಈಸ್ 50’ ಸರಿಯೇ?

ಉತ್ತರ: ಮತ್ತೆ ಅದೇ ತಕ್ಕಡಿ. ಈ ಕಡೆ ದೇಶ, ಆ ಕಡೆ ಮಿತಿ. ಕಾಮಾ ಆದಮೇಲೆ ಬರುವ ಕರ್ತೃ ‘ಅನ್‌ಲೈಕ್’ ಮುಂದಿನ ಪದದ ಜಾತಿಯದೇ ಆಗಿರಬೇಕು: ‘ಅನ್‌ಲೈಕ್ ಇಂಗ್ಲೆಂಡ್, ಸ್ಕಾಟ್ಲೆಂಡ್ ಲೋವರ್ಡ್ ಇಟ್ಸ್ ಲಿಮಿಟ್ ಇನ್ 2014.’ ‘ಇನ್ ಕಾಂಟ್ರಾಸ್ಟ್ ಟು’ಗೂ ಇದೇ ಕಟ್ಟು. ಇಲ್ಲಿ ‘ಕಾಂಟ್ರರಿ ಟು ಇಂಗ್ಲೆಂಡ್’ ಸಲ್ಲದು. ‘ಕಾಂಟ್ರರಿ ಟು’ ನಂಬಿಕೆ, ನಿರೀಕ್ಷೆ, ಸಲಹೆಗಳ ಜೊತೆ ಬರುವಂಥದ್ದು.

ಇನ್ನೊಬ್ಬ ಸದಸ್ಯರು: ಮೇಡಂ ಹೇಳಿದ್ದಕ್ಕೆ ಒಂದು ಸೇರಿಕೆ. ‘ಆಲ್ದೋ’ದಿಂದ ಶುರುಮಾಡಿದ ವಾಕ್ಯದ ನಡುವೆ ‘ಬಟ್’ ತರಬೇಡಿ. ‘ಸ್ಟ್ರಿಂಜೆಂಟ್’ ಪದ ನಿಯಮ, ಷರತ್ತು, ತಪಾಸಣೆಗೆ ಒಪ್ಪುತ್ತದೆ, ಮೇಷ್ಟ್ರಿಗೆ ಒಪ್ಪುವುದಿಲ್ಲ. ಮೇಷ್ಟ್ರು ‘ಸ್ಟ್ರಿಕ್ಟ್’. ಸಡಿಲ ನಿಯಮಕ್ಕೆ ‘ಲೀನಿಯೆಂಟ್’ ಸಾಕು. ‘ಲ್ಯಾಕ್ಸ್’ ಎಂದರೆ ಅಲ್ಲಿಯವರು ಉಡಾಫೆ ಮಾಡುತ್ತಿದ್ದಾರೆ ಎಂಬ ಆಕ್ಷೇಪವೂ ಬೆರೆಯುತ್ತದೆ.

ಪ್ರಶ್ನೆ: ಧನ್ಯವಾದ. ಭಾರತದ ಮಿತಿ 30, ಎಲ್ಲಕ್ಕಿಂತ ಬಿಗಿ. ‘ಇಂಡಿಯಾ ಹ್ಯಾಸ್ ದ ಹೈಯೆಸ್ಟ್ ಲಿಮಿಟ್’ ಅನ್ನಲೇ?

ಉತ್ತರ: ಬೇಡ, ಅರ್ಥ ತಲೆಕೆಳಗಾಗುತ್ತದೆ! ದಂಡ ಏರಿದರೆ ಬಿಗಿ, ಆದರೆ ಮಿತಿ ಇಳಿದರೆ ಬಿಗಿ. ‘ಹೈಯೆಸ್ಟ್’ ಎಂದರೆ ಹೆಚ್ಚು ಕುಡಿಯಲು ಬಿಡುವ ದೇಶ ಎಂದಾಗುತ್ತದೆ. ಈ ಮೂರನ್ನೇ ಹೋಲಿಸುತ್ತಿದ್ದರೆ ‘ಆಫ್ ದ ತ್ರೀ, ಇಂಡಿಯಾ ಹ್ಯಾಸ್ ದ ಲೋಯೆಸ್ಟ್ ಲಿಮಿಟ್’ ಎನ್ನಿ. ‘ಆಫ್ ದ ತ್ರೀ’ ಬಿಟ್ಟರೆ ಇಡೀ ಜಗತ್ತಿಗೇ ಹೇಳಿದಂತಾಗಿ ಸುಳ್ಳಾಗುತ್ತದೆ. ಒಂದು ತೊಟ್ಟನ್ನೂ ಒಪ್ಪದ ದೇಶಗಳೂ ಇವೆ.