ಮಳೆಕಾಡಿನ ಜಲಪಾತಕ್ಕೆ ನಡೆದು ಹೋಗುವಾಗ ಹಳ್ಳದ ನೀರನ್ನು ಎಷ್ಟು ನಂಬಬಹುದು?

ಪ್ರಶ್ನೆ:
ಮುಂದಿನ ತಿಂಗಳು ನಾವು ನಾಲ್ವರು ಉಷ್ಣವಲಯದ ಮಳೆಕಾಡಿನ ನಡುವೆ, ಜನಸಂಚಾರವಿಲ್ಲದ ಕಣಿವೆಯೊಂದರಲ್ಲಿರುವ ಜಲಪಾತಕ್ಕೆ ನಡೆದು ಹೋಗಬೇಕೆಂದಿದ್ದೇವೆ. ಕಾಲುದಾರಿ 6 ಕಿಲೋಮೀಟರ್ ಇದ್ದು, ಒಂದೇ ಹಳ್ಳವನ್ನು ಮೂರು ಕಡೆ ದಾಟಬೇಕು. ಇಬ್ಬರಿಗೆ ಬೆಟ್ಟ ಹತ್ತಿದ ರೂಢಿಯಿದೆ, ಹರಿಯುವ ನೀರಿನ ಅನುಭವ ಮಾತ್ರ ಯಾರಿಗೂ ಇಲ್ಲ. ಎಷ್ಟು ಹೊತ್ತಿಗೆ ಹೊರಡಬೇಕು, ಹಳ್ಳದಲ್ಲಿ ಏನನ್ನು ಗಮನಿಸಬೇಕು, ಜಲಪಾತದ ಬುಡದ ಮಡುವಿನಲ್ಲಿ ಈಜಬಹುದೇ ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಮೊದಲ ಉತ್ತರ:
ಬೆಳಕು ಹರಿಯುತ್ತಿದ್ದಂತೆ ಹೊರಡಿ. ಬಿಸಿಲಿಗೆ ನೆಲ ಕಾದು ಮೇಲೇರಿದ ತೇವದ ಗಾಳಿ ಅಲ್ಲಿ ಹೆಚ್ಚಾಗಿ ಮಧ್ಯಾಹ್ನದ ಮೇಲೆಯೇ ಗುಡುಗುಮಳೆಯಾಗಿ ಸುರಿಯುತ್ತದೆ. ಮುಸ್ಸಂಜೆಯೂ ಚಿಕ್ಕದು, ಸೂರ್ಯ ಮುಳುಗಿದ ಅರ್ಧ ಗಂಟೆಯೊಳಗೆ ಮರಗಳ ಕೆಳಗೆ ಹೆಜ್ಜೆ ಕಾಣದಂತಾಗುತ್ತದೆ. ಆದ್ದರಿಂದ ಜಲಪಾತ ಸಿಗಲಿ ಬಿಡಲಿ, ಇಂತಿಷ್ಟು ಹೊತ್ತಿಗೆ ಹಿಂದಿರುಗುತ್ತೇವೆ ಎಂದು ಮೊದಲೇ ನಿಶ್ಚಯಿಸಿಕೊಳ್ಳಿ.

ಹಳ್ಳದ ವಿಷಯದಲ್ಲಿ ಆಕಾಶವನ್ನಲ್ಲ, ನೀರನ್ನು ನೋಡಬೇಕು. ನಿಮ್ಮ ನೆತ್ತಿಯ ಮೇಲೆ ಬಿಸಿಲಿದ್ದರೂ ಮೇಲಿನ ಕಣಿವೆಯಲ್ಲಿ ಮಳೆ ಸುರಿದಿದ್ದರೆ ಹಳ್ಳ ಉಕ್ಕುತ್ತದೆ. ಒಮ್ಮೆ ನಾವು ಹಳ್ಳದ ನಡುವಿನ ಬಂಡೆಯ ಮೇಲೆ ದಣಿವಾರಿಸಿಕೊಳ್ಳುತ್ತಿದ್ದಾಗ, ತಿಳಿನೀರಿನಲ್ಲಿ ತರಗೆಲೆಗಳೂ ಸಣ್ಣ ಕಡ್ಡಿಗಳೂ ಗುಂಪುಗುಂಪಾಗಿ ತೇಲಿಬರತೊಡಗಿದವು. ಸ್ವಲ್ಪದರಲ್ಲೇ ನೀರು ಕೆಂಪಗೆ ರಾಡಿಯಾಯಿತು, ಅದರ ಸದ್ದು ದಪ್ಪಗಾಯಿತು. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ದಡ ಹತ್ತಿ ತಿರುಗಿ ನೋಡುವಾಗ ನಾವು ಕುಳಿತಿದ್ದ ಬಂಡೆಯ ಮೇಲೆ ನೀರು ಹರಿಯುತ್ತಿತ್ತು. ಅಂದಿನಿಂದ ಪ್ರತಿ ಸಲ ದಾಟಿದ ಮೇಲೆ, ನೀರು ಏರಿದೆಯೇ ಎಂದು ಆಮೇಲೆ ತಿಳಿಯಲು, ದಡದ ಒಂದು ಕಲ್ಲನ್ನು ಗುರುತಿಟ್ಟುಕೊಳ್ಳುತ್ತೇನೆ.

ನೀರು ಮೊಣಕಾಲು ಮೀರಿ ರಭಸವಾಗಿದ್ದರೆ ದಾಟಲೇಬೇಡಿ. ದಾಟುವಾಗ ಚೀಲದ ಸೊಂಟಪಟ್ಟಿ ಬಿಚ್ಚಿರಲಿ, ನೀರು ಬರುವ ಕಡೆಗೆ ಮುಖಮಾಡಿ, ಕೋಲು ಊರಿ, ಒಂದೊಂದೇ ಹೆಜ್ಜೆಯನ್ನು ಅಡ್ಡಡ್ಡ ಸರಿಸಿ. ಹಿಂದಿರುಗುವಾಗ ನೀರು ಏರಿದ್ದರೆ ಎತ್ತರದ ಜಾಗದಲ್ಲಿ ಕಾಯಿರಿ. ಸಣ್ಣ ಹಳ್ಳಗಳು ಸಾಮಾನ್ಯವಾಗಿ ಮಳೆ ನಿಂತ ಕೆಲವು ಗಂಟೆಗಳಲ್ಲಿ ಇಳಿಯುತ್ತವೆ.

ಎರಡನೆಯ ಉತ್ತರ:
ಮಡುವಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಧಾರೆ ಬೀಳುವಲ್ಲಿನ ಬೆಳ್ನೊರೆಯಲ್ಲಿ ಗಾಳಿಯೇ ತುಂಬಿರುವುದರಿಂದ ಅದು ಮೈಯನ್ನು ತೇಲಿಸುವುದಿಲ್ಲ; ಮೇಲೆದ್ದವರನ್ನು ಸೆಳವು ಮತ್ತೆ ಧಾರೆಯ ಅಡಿಗೇ ಎಳೆಯಬಹುದು. ಒಳ್ಳೆಯ ಈಜುಗಾರರೂ ಮುಳುಗುವುದು ಇಲ್ಲಿಯೇ. ತಳದಲ್ಲಿ ಮರದ ದಿಮ್ಮಿಗಳು ಸಿಕ್ಕಿಕೊಂಡಿರಬಹುದಾದ್ದರಿಂದ ಮೇಲಿನಿಂದ ಹಾರುವುದಂತೂ ಬೇಡವೇ ಬೇಡ. ಧಾರೆಯಿಂದ ದೂರ, ನೀರು ನಿಧಾನಿಸಿ ತಳ ಕಾಣುವಲ್ಲಿ ಇಳಿಯಿರಿ. ಕಾಲಿನಲ್ಲಿ ಗಾಯವಿದ್ದರೆ ಇಳಿಯಬೇಡಿ, ಇಲಿಜ್ವರದ ರೋಗಾಣು ಗಾಯದ ಮೂಲಕ ಒಳಸೇರುತ್ತದೆ. ಇಂಬಳ ಕಚ್ಚಿದರೆ ಉಗುರಿನಿಂದ ಅದರ ಬಾಯಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರೆ ಸಾಕು. ರಕ್ತ ಕೊಂಚ ಹೊತ್ತು ಒಸರುತ್ತದೆ, ಗಾಬರಿ ಬೇಡ.

ಪ್ರಶ್ನೆ ಕೇಳಿದವರು:
ತುಂಬ ಉಪಕಾರವಾಯಿತು. ಮೂರನೆಯ ದಾಟು ಜಲಪಾತಕ್ಕೆ ತೀರಾ ಹತ್ತಿರದಲ್ಲಿದೆ. ಅಲ್ಲಿ ನೀರು ಹೆಚ್ಚಿದ್ದರೆ ಈಚೆ ದಡದಿಂದಲೇ ನೋಡಿ ಮರಳಬೇಕೇ?

ಮೊದಲ ಉತ್ತರಿಸಿದವರು:
ಖಂಡಿತವಾಗಿ. ಬುಡಕ್ಕೆ ಹೋದರೆ ತುಂತುರು ಕಣ್ಣಿಗೆ ರಾಚಿ ಧಾರೆಯೇ ಸರಿಯಾಗಿ ಕಾಣುವುದಿಲ್ಲ. ಈಚೆ ದಡದಲ್ಲಿ ಪಾಚಿಯಿಲ್ಲದ ಒಣ ಕಲ್ಲೊಂದನ್ನು ಹುಡುಕಿ ಕುಳಿತರೆ ನೆತ್ತಿಯಿಂದ ಮಡುವಿನವರೆಗೆ ಇಡೀ ಜಲಪಾತ ಒಂದೇ ನೋಟಕ್ಕೆ ಸಿಗಬಹುದು.