ಗಾರ್ಮೆಂಟ್ಸ್ ಕೆಲಸ ಹೋಯ್ತಾ? ವಕೀಲರನ್ನು ಕೇಳಿ (ಅಕ್ಟೋಬರ್ 2020)

ಟೈಲರ್, ಪೀಣ್ಯ: ಮೇಡಂ, ಆರು ವರ್ಷದಿಂದ ಒಂದೇ ಫ್ಯಾಕ್ಟರಿ. ಕೊರೊನಾ, ಆರ್ಡರ್ ಇಲ್ಲ ಅಂತ ನಮ್ಮ ಲೈನ್ ಪೂರ್ತಿ ನಿಲ್ಲಿಸಿದ್ದಾರೆ. ಎಚ್‌ಆರ್‌ನವರು ಒಂದು ಹಾಳೆ ಕೊಟ್ಟಿದ್ದಾರೆ. ‘ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ’ ಅಂತ ಟೈಪ್ ಆಗಿದೆ. ಹೆಸರು, ಟೋಕನ್ ನಂಬರ್ ಜಾಗ ಮಾತ್ರ ಖಾಲಿ. ಸೈನ್ ಹಾಕಿದರೇ ಸೆಟಲ್‌ಮೆಂಟ್ ಅಂತಾರೆ. ಬೇಸಿಕ್, ಡಿಎ ಸೇರಿ 9,000. ಏನು ಮಾಡಲಿ?

ವಕೀಲರು: ಸೈನ್ ಹಾಕಬೇಡಿ. ಹಾಕಿದರೆ ನೀವೇ ಬಿಟ್ಟು ಹೋದ ಹಾಗಾಗುತ್ತದೆ. ಅವರು ತೆಗೆಯುವುದಾದರೆ ನೋಟಿಸ್ ಕೊಡಬೇಕು, ಇಲ್ಲವೇ ಆ ಅವಧಿಯ ಸಂಬಳ ಕೊಡಬೇಕು. ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ಇದೆ. ದೊಡ್ಡ ಫ್ಯಾಕ್ಟರಿಯಾದರೆ ಸರ್ಕಾರದ ಅನುಮತಿಯೂ ಬೇಕು. ರಾಜೀನಾಮೆ ಕೊಟ್ಟವರಿಗೆ ಇದ್ಯಾವುದೂ ಇಲ್ಲ.

ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದದ್ದಕ್ಕೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಹಣ, ಬೇರೆ ಲೆಕ್ಕ. ಐದು ವರ್ಷ ದಾಟಿದೆ, ನೀವು ಬಿಟ್ಟರೂ ಅವರು ತೆಗೆದರೂ ಕೊಡಲೇಬೇಕು. 9,000ವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ 6ರಿಂದ ಗುಣಿಸಿ. ಸುಮಾರು 31,150 ರೂಪಾಯಿ. ಎಷ್ಟೋ ಕಡೆ ಅದನ್ನೇ ಸೆಟಲ್‌ಮೆಂಟ್ ಅಂತ ಕೈಗಿಟ್ಟು ಪರಿಹಾರ ತಪ್ಪಿಸುತ್ತಾರೆ.

ಹಾಳೆಯ ಫೋಟೊ, ಪೇ ಸ್ಲಿಪ್, ಐಡಿ ಕಾರ್ಡ್ ಜೆರಾಕ್ಸ್ ಇಟ್ಟುಕೊಳ್ಳಿ. ‘ಕೆಲಸ ಮಾಡಲು ಸಿದ್ಧ’ ಅಂತ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಪತ್ರ ಹಾಕಿ. ಕಾರ್ಮಿಕ ಇಲಾಖೆಗೆ ಲೈನಿನವರೆಲ್ಲ ಒಟ್ಟಿಗೆ ಹೋಗಿ. ಈಗಾಗಲೇ ಯಾರಾದರೂ ಸೈನ್ ಹಾಕಿದ್ದಾರಾ? ನನಗೆ ಅದೇ ಚಿಂತೆ.

ಟೈಲರ್, ಪೀಣ್ಯ: ಅರ್ಧ ಲೈನ್ ಹಾಕಿದೆ ಮೇಡಂ.

ವಕೀಲರು: ಒತ್ತಾಯ ಮಾಡಿ ಹಾಕಿಸಿಕೊಂಡರು ಅಂತ ಅವರು ಇವತ್ತೇ ಬರೆದು ಕಳಿಸಲಿ. ತಡವಾದಷ್ಟೂ ಕಷ್ಟ.

ಹೆಲ್ಪರ್: ಪಿಎಫ್ ತೆಗೆಯಬಹುದಾ?

ವಕೀಲರು: ಕೋವಿಡ್ ಅಡ್ವಾನ್ಸ್ ಇದೆ. ಮೂರು ತಿಂಗಳ ಬೇಸಿಕ್, ಡಿಎ ಅಥವಾ ಖಾತೆಯಲ್ಲಿರುವುದರ ಶೇ 75. ಯಾವುದು ಕಡಿಮೆಯೋ ಅದು.

ಚೆಕರ್: ಪಿಎಫ್ ಎಷ್ಟು ಸಿಗುತ್ತೆ ಮೇಡಂ?

ವಕೀಲರು: ಮೇಲೆ ಓದಿ.

ಕಟಿಂಗ್ ಮಾಸ್ಟರ್: ಫಾರ್ವರ್ಡ್ ಬಂದಿದೆ. 1990ರಿಂದ 2020ರವರೆಗೆ ದುಡಿದವರಿಗೆ ಸರ್ಕಾರದಿಂದ 1,20,000 ರೂಪಾಯಿ. ಲಿಂಕ್ ಒತ್ತಿ.

ವಕೀಲರು: ಸುಳ್ಳು. ಒತ್ತಬೇಡಿ, ಆಧಾರ್, ಒಟಿಪಿ ಯಾರಿಗೂ ಕೊಡಬೇಡಿ. ಇಂಥದ್ದನ್ನು ಇಲ್ಲಿ ಹಾಕಲೂಬೇಡಿ. ನಿಜವಾದ ಯೋಜನೆ ಇಎಸ್‌ಐನಲ್ಲಿ (ಕಾರ್ಮಿಕರ ವಿಮೆ) ಇದೆ, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್. ಅರ್ಹರಿಗೆ 90 ದಿನದವರೆಗೆ ಅರ್ಧ ಸಂಬಳ. ಸ್ವಯಂ ನಿವೃತ್ತಿ ತಗೊಂಡವರಿಗೆ ಇಲ್ಲ. ಆ ಹಾಳೆ ಇಲ್ಲೂ ಅಡ್ಡ ಬರಬಹುದು.

ಸೂಪರ್‌ವೈಸರ್: ಮಾಲೀಕರಾದರೂ ಏನು ಮಾಡ್ತಾರೆ? ವಿದೇಶಿ ಬ್ರ್ಯಾಂಡ್‌ಗಳು ಹೊಲಿದಿಟ್ಟ ಮಾಲನ್ನೇ ಬೇಡ ಅಂದವು.

ಟೈಲರ್, ಪೀಣ್ಯ: ಲಾಭ ಬಂದಾಗ ನಮಗೆ ಹಂಚಿದ್ರಾ?

ಸೂಪರ್‌ವೈಸರ್: ನನಗೂ ಅರ್ಧ ಸಂಬಳ. ಸುಮ್ನೆ ನನ್ನ ಮೇಲೆ ಹಾರಬೇಡಿ.

ಹೆಲ್ಪರ್: ನಮ್ಮಲ್ಲಿ ಆ ಹಾಳೆ ಹಂಚಿದ್ದು ಸೂಪರ್‌ವೈಸರ್‌ಗಳೇ.

ಪೀಸ್ ರೇಟ್ ಟೈಲರ್: ಮನೆಯಲ್ಲೇ ಹೊಲಿದು ಕೊಡ್ತೀನಿ. ಪಿಎಫ್, ಇಎಸ್‌ಐ ಎರಡೂ ಇಲ್ಲ. ನನಗೇನಾದ್ರೂ ಸಿಗುತ್ತಾ ಮೇಡಂ?

ಸೂಪರ್‌ವೈಸರ್: ಹಂಚಲ್ಲ ಅಂದಿದ್ರೆ ಮೊದಲು ನನ್ನ ಕೆಲಸ ಹೋಗ್ತಿತ್ತು.

ಚೆಕರ್: ಪಿಎಫ್‌ಗೆ ಯುಎಎನ್, ಆ ಪಿಎಫ್ ನಂಬರ್, ಬೇಕಾ?

ವಕೀಲರು: ಬೇಕು. ಜಗಳ ಬೇರೆ ಕಡೆ ಆಡಿ. ಪೀಣ್ಯದವರೇ, ಸೈನ್ ಹಾಕಿದವರ ಹೆಸರು, ತಾರೀಖು ರಾತ್ರಿಯೊಳಗೆ ನನ್ನ ನಂಬರಿಗೆ ಕಳಿಸಿ, ಗ್ರೂಪಿಗಲ್ಲ.